ಕೆರೆಯ ಆಳ ಬಲ್ಲವನು

ಗೆಳೆಯರೇ, ಒಪ್ಪಿಕೊಂಡುಬಿಡುತ್ತೇನೆ: ಇಂದು ಬೆಳಿಗ್ಗೆ ನಾನು ಒಂದು ಅಂಕಿಯನ್ನು ಕೊಂದೆ.

ನಮ್ಮ ಜೆ.ಪಿ. ನಗರದ ಕೆರೆಯ ನೀರು ಮುಂದೆ ಹೇಗೆ ಕೆಡುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಕೆರೆಗಿಳಿದು ನೀರನ್ನು ಅಳೆದು ತರುವವಳು ಸಹೋದ್ಯೋಗಿ ಸುಮಾ. ದಕ್ಷಿಣದ ಮೂಲೆಯ ನೀರಿನಲ್ಲಿ ಆಮ್ಲಜನಕ ಸೊನ್ನೆ ಎಂದು ಬರೆದಿದ್ದಳು. ನನ್ನ ಮಾಡೆಲ್ ಪ್ರಕಾರ ಅಲ್ಲಿ ಮೀನುಗಳು ಸುಖವಾಗಿವೆ. ಸೊನ್ನೆಯನ್ನು ಅಳಿಸಿಬಿಟ್ಟೆ.

ಮಧ್ಯಾಹ್ನ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. "ಮಗಾ, ಅದೊಂದು ರೀಡಿಂಗ್‌ಗೋಸ್ಕರ ಅರ್ಧ ದಿನ ಕೆಸರಲ್ಲಿ ನಿಂತಿದ್ದೆ. ಯಾಕೋ ಅಳಿಸ್ದೆ?"

"ನಿನ್ ಮೀಟರ್ ಕೆಟ್ಟಿರ್ಬೇಕು ಕಣೇ. ಆ ಕೆರೆ ಇಂಚಿಂಚೂ ನಂಗೊತ್ತು."

"ಹಾಗಾದ್ರೆ ಬಾ, ನೀನೇ ಅಳೆದು ನೋಡು."

ಹೋದೆವು. ನನ್ನ ಮಾಡೆಲ್ಲಿನಲ್ಲಿ ಆ ಮೂಲೆಯ ನೀರು ಮೊಣಕಾಲುದ್ದ. ಪ್ಯಾಂಟು ಮಡಚಿ ಧೈರ್ಯವಾಗಿ ಇಳಿದೆ, ಸೊಂಟದವರೆಗೂ ಮುಳುಗಿದೆ. ಕೈಯಲ್ಲಿದ್ದ ಮೀಟರು ಮತ್ತೆ ಸೊನ್ನೆಯನ್ನೇ ತೋರಿಸಿತು.

"ಮೀನುಗಳು ಚೆನ್ನಾಗಿದಾವಾ ಸಾರ್?" ಎಂದು ದಡದಿಂದ ಸುಮಾ ವಿಚಾರಿಸಿದಳು.

ಕೊಂದ ಸೊನ್ನೆಗೆ ಈಗ ಮರುಜೀವ ಕೊಟ್ಟಿದ್ದೇನೆ. ಇದನ್ನು ಅವಳ ಮನೆಯಲ್ಲಿ, ಅವಳ ಗಂಡನ ಲುಂಗಿ ಉಟ್ಟು ಬರೆಯುತ್ತಿದ್ದೇನೆ. ಇನ್ನೊಂದು ಮಾತು, ದಯವಿಟ್ಟು ಅವಳ ಕಿವಿಗೆ ಹಾಕಬೇಡಿ: ಇಂಚಿಂಚೂ ಗೊತ್ತಿದ್ದ ಆ ಕೆರೆಯನ್ನು ನಾನು ಕಣ್ಣಾರೆ ಕಂಡದ್ದು ಇವತ್ತೇ ಮೊದಲು.