ಸ್ನೇಹಲಳ ಎರಡು ಕಾಗದ

ಮಂಗಸೂಳಿಯ ಆಚೆ ರಾವಸಾಹೇಬರ ತೋಟದ ಅಂಚಿಗೆ ಬೇದಾಣಿ ಶೆಡ್ಡು ಐತಿ. ದ್ರಾಕ್ಷಿಯನ್ನು ಜಾಳಿಗೆಯ ಮೇಲೆ ಹರವಿ ನೆರಳಲ್ಲಿ ಒಣಗಿಸಿದರೆ ಅದೇ ಬೇದಾಣಿ. ಶೆಡ್ಡಿನ ಸುತ್ತ ಹಸಿರು ಪರದೆ ಕಟ್ಟಿರುತ್ತಾರೆ. ಒಳಗೆ ಬರುವ ಬಿಸಿಲೂ ಹಸಿರಾಗಿಯೇ ಬರುತ್ತದೆ. ಕೂತವರ ಮುಖ, ಕೈ, ಸೆರಗು ಎಲ್ಲಾ ಹೊಳೆಯ ತಳದಾಗ ಇದ್ದಂಗೆ ಕಾಣುತ್ತವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಲ್ಲಿ ಕೂತು ಬೇದಾಣಿ ಆರಿಸುವಾಗ ಎಚ್ಚರ ಯಾವುದು, ನಿದ್ದೆ ಯಾವುದು ತಿಳಿಯುವುದಿಲ್ಲ. ಕೈ ತನ್ನ ಪಾಡಿಗೆ ಕರೀದನ್ನು ಈ ಕಡೆ, ಹಸಿರನ್ನು ಆ ಕಡೆ ಸರಿಸುತ್ತಿರುತ್ತದೆ. ಕಿವಿಯೊಂದೇ ತೆರೆದಿರುತ್ತದೆ.

ಎರಡು ಸಾವಿರದ ಹದಿನಾಲ್ಕರ ಬೇಸಗೆಯಲ್ಲಿ ರಾವಸಾಹೇಬರ ಮಗಳು ಸ್ನೇಹಲ ನಮ್ಮ ಆಳುಗಳ ಸಾಲಿನಲ್ಲೇ ಬಂದು ಕೂಡುತ್ತಿದ್ದಳು. ಮಾಲಕರ ಮಗಳು, ಕೂಡಬೇಕೆಂದೇನಿಲ್ಲ. ಮನೆಯಲ್ಲಿ ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು, ಅದಕ್ಕೆ ಬರುತ್ತಿದ್ದಳು.

ಅಂಬೆಗಾಲಿಡುವಾಗಿನಿಂದ ಅವಳನ್ನು ಕಂಡವಳು ನಾನು; ನನ್ನನ್ನು ಆಯಿ, ಅಂದರೆ ಅಜ್ಜಿ, ಅಂತ ಕರೆಯುತ್ತಾಳೆ. ಮಾತು ಕಡಿಮೆ, ನೋಡುವುದು ಹೆಚ್ಚು. ಹತ್ತನೇ ಇಯತ್ತೆ ಮುಗಿದಾಗ ರಾವಸಾಹೇಬರು ಮಗಳನ್ನು ಒಂದು ಮಾತೂ ಕೇಳದೆ ಸೈನ್ಸಿಗೆ ಹಾಕಿಬಂದರು. ಎರಡು ವರ್ಷ ಹಾಳಾದವು, ಹುಡುಗಿ ನಪಾಸು. ಆಮೇಲೆ ಕಾಮರ್ಸ್ ಅಂತ ತಾನೇ ಹಟ ಹಿಡಿದು ಅಥಣಿಗೆ ಬಸ್ಸಿನಲ್ಲಿ ಓಡಾಡಿ ಬಿ.ಕಾಂ. ಮುಗಿಸಿದಳು. ಈಗ ಎಂಬಿಎ ಪರೀಕ್ಷೆ ಬರೆದಿದ್ದಳು. ಎರಡು ಕಾಲೇಜಿನಿಂದ ಬಾ ಅಂತ ಕಾಗದ ಬಂದಿದ್ದವು, ಒಂದು ಕೊಲ್ಲಾಪುರದ್ದು, ಒಂದು ಬೆಳಗಾವಿಯದು. ತಿಂಗಳು ಮುಗಿಯುವುದರೊಳಗೆ ಒಂದಕ್ಕೆ ಹೂಂ ಅನ್ನಬೇಕು.

"ಈ ಸಲ ನೀನ ಆರಸು," ಅಂದಿದ್ದರು ರಾವಸಾಹೇಬರು. "ಆದ್ರ ಒಮ್ಮೆ ಆರಿಸಿದ ಮ್ಯಾಲ ನನ್ನ ಮುಂದ ಬಂದು ಅಳಬ್ಯಾಡ."

ಆ ಮಾತು ಹುಡುಗಿಯ ಎದೆಯ ಮೇಲೆ ಕಲ್ಲಿಟ್ಟಂಗೆ ಕೂತಿತ್ತು. ಇನ್ನೊಮ್ಮೆ ತಪ್ಪಿದರೆ ಓದು ಅಷ್ಟಕ್ಕೇ ನಿಂತಂತೆ. ತಪ್ಪಿಸಿದವರು ಅಂತ ಬೆರಳು ತೋರಿಸಲಿಕ್ಕೂ ಯಾರೂ ಇರುವುದಿಲ್ಲ.

ನಮ್ಮ ಸಾಲಿನ ಹೆಂಗಸರಿಗೆ ಅದೊಂದು ಹಬ್ಬ. "ಎರಡ ವರಾ ಬಂದಂಗ ಆತಲ್ಲ ಬೇ!" ಅಂದಳು ಲಕ್ಕವ್ವ. "ಎಲ್ಲಿ, ಪೋಟೋ ತೋರಿಸ."

ಕೊಲ್ಲಾಪುರದವರು ದಪ್ಪ, ನುಣುಪು ಪುಸ್ತಕವೊಂದನ್ನು ಕಳಿಸಿದ್ದರು. ಲಕ್ಕವ್ವ ಕೈ ಒರೆಸಿಕೊಂಡು ಹಾಳೆ ತಿರುವಿದಳು. "ನೋಡ್ರೇ, ಎಲ್ಲಾರೂ ಬರೇ ನಗಾಕತ್ತಾರ. ಒಬ್ಬಾಕಿ ಕೈಯಾಗರ ಪುಸ್ತಕ ಐತೇನ?"

"ಐತಲ್ಲ ಅಕ್ಕಾ, ಇಕಿ ಕೈಯಾಗ," ಅಂದಳು ಸ್ನೇಹಲ.

"ಅದನ್ನ ಓದಾಕತ್ತಿಲ್ಲವ್ವ ಆಕಿ, ಬಿಸಲಿಗೆ ಅಡ್ಡ ಹಿಡದಾಳ."

ಸಾಲೆಲ್ಲಾ ನಕ್ಕಿತು. ಅಷ್ಟರಲ್ಲಿ ಅವಳ ಕಾಕಾ ಸಂಗ್ರಾಮ ಬಂದ. "ಕೊಲ್ಲಾಪುರನ ಹಿಡೀ ಪೋರಿ. ಹೆಸರ ಬೇಕ, ಹೆಸರ! ಯಾವ ಕಾಲೇಜ ಅಂತ ಕೇಳಿದಾಂವ ಹೌಹಾರಬೇಕು," ಅಂದು ಒಂದು ಹಿಡಿ ಬೇದಾಣಿ ಬಾಯಿಗೆ ಹಾಕಿಕೊಂಡು ಹೋದ.

ಸ್ನೇಹಲ ನನ್ನ ಹತ್ತಿರ ಸರಿದಳು. "ಆಯಿ, ಯಾರನ್ನ ಕೇಳಿದ್ರೂ ಚಲೋ ಐತಿ ಅಂತಾರ. ಎರಡೂ ಚಲೋ ಅಂದ್ರ ನಾ ಏನ ಮಾಡ್ಲಿ?"

ನನಗೇನು ತಿಳಿಯುತ್ತದೆ? "ಇನ್ನೊಮ್ಮಿ ಓದವ್ವ, ಕೇಳತೀನಿ," ಅಂದೆ. ಅವಳು ಇಂಗ್ಲಿಷನ್ನು ನಮ್ಮ ಮಾತಿಗೆ ತಿರುಗಿಸಿ ಓದತೊಡಗಿದಳು. ಅವಳ ದನಿ ಆ ಹಸಿರು ಬೆಳಕಿನೊಳಗೆ ಮೆಲ್ಲಗೆ ಹರಿಯುತ್ತಿತ್ತು. ನನ್ನ ಕಣ್ಣಿಗೆ ಕಾಲೇಜೊಂದು ಕೃಷ್ಣೆಯ ಮೇಲೆ ತೇಲಿಕೊಂಡು ಬಂದಂಗೆ ಆಯಿತು. ಕಿಟಕಿ ತುಂಬ ಹುಡುಗಿಯರು ನಗುತ್ತಿದ್ದಾರೆ, ನಾನು ಕೂಗಿದರೆ ಯಾರಿಗೂ ಕೇಳಿಸುತ್ತಿಲ್ಲ.

ದನಿ ನಿಂತಿತು. ಕಣ್ಣು ಬಿಟ್ಟರೆ ಸಾಂಗಲಿಯ ವ್ಯಾಪಾರಿ ಬಂದಿದ್ದ. ಬೇದಾಣಿಯ ಪೆಟ್ಟಿಗೆ ತುಂಬುವಾಗ ದುಂಡನೆಯ ಹಸಿರು ಕಾಳನ್ನು ಮೇಲಿಡುವುದು ಎಲ್ಲರ ರೂಢಿ. ಅದನ್ನು ಯಾರೂ ಮೋಸ ಅನ್ನುವುದಿಲ್ಲ. ವ್ಯಾಪಾರಿಯೂ ಮೇಲಿನದನ್ನು ನೋಡುವುದಿಲ್ಲ. ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಒಳಗೆ ಇಳಿಸಿ, ತಳದ ಹಿಡಿಯನ್ನು ತೆಗೆಯುತ್ತಾನೆ. ಅವನು ದರ ಹೇಳುವುದು ಆ ತಳದ ಹಿಡಿಗೆ. ಹುಟ್ಟಿದಾಗಿನಿಂದ ಸ್ನೇಹಲ ಕಂಡ ಕೆಲಸ ಅದು. ಅವತ್ತು ಮೊದಲ ಸಲ ಕಂಡವಳಂಗೆ ಆ ಕೈಯನ್ನೇ ನೋಡುತ್ತ ಕೂತಳು.

"ಆಯಿ, ನಾಳೆ ಕಾಲೇಜ ನೋಡಾಕ ನನ್ನ ಜೋಡಿ ಬರ್ತೀಯೇನ?" ಅಂದಳು.

ಕೊಲ್ಲಾಪುರದ ಕಾಲೇಜು ಗಾಜಿನ ಮನೆ. ಒಳಗೆ ತಣ್ಣಗೆ, ಗೋಡೆ ತುಂಬ ದೊಡ್ಡ ಪಗಾರದ ನೌಕರಿ ಸಿಕ್ಕ ಹುಡುಗರ ಫೋಟೋ. ಟೈ ಕಟ್ಟಿದವನೊಬ್ಬ "ಬಸಾ ಆಜೀ" ಅಂದು ನನಗೆ ಖುರ್ಚಿ ಕೊಟ್ಟ. ಮರಾಠಿಯಲ್ಲಿ ಎಲ್ಲಾ ಹೇಳಿದ. ಅವನ ಮಾತು ಮುಗಿದ ಮೇಲೆ ಸ್ನೇಹಲ ಕೇಳಿದಳು: ಹೋದ ವರ್ಷ ಎಲ್ಲರಿಗಿಂತ ಕೊನೆಗೆ ಪಾಸಾದವನು ಯಾರು, ಈಗ ಎಲ್ಲಿದ್ದಾನೆ? ಆತ ನಕ್ಕ. ಮತ್ತೆ ಗೋಡೆ ತೋರಿಸಿದ. ಅವಳು ಮತ್ತೆ ಕೇಳಿದಳು. ಅವನ ನಗು ಹೋಯಿತು. ಅಂಥವರು ನಮ್ಮಲ್ಲಿಲ್ಲ ಅಂದ.

ಹೊರಗೆ ಬಂದು ಅವಳು ಕೇಳಿದಳು, "ಎಲ್ಲಾ ಕಡೆ ಒಬ್ಬಾಂವ ಕೊನೇದಾಂವ ಇದ್ದ ಇರ್ತಾನಲ್ಲ ಆಯಿ?"

"ಇರ್ತಾನವ್ವ. ಸಣ್ಣಾಕಿದ್ದಾಗ ನಮ್ಮ ಕನ್ನಡ ಸಾಲಿಯೊಳಗ ನಾನ ಇದ್ದೆ," ಅಂದೆ. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಮರುದಿನ ಬೆಳಗಾವಿ. ಹಂಚಿನ ಹಳೇ ಕಟ್ಟಡ, ಕನ್ನಡಕದ ವಯಸ್ಸಾದ ಸರ್. ಅವಳು ಅದನ್ನೇ ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು. ಬೈಯುತ್ತಾರೇನೋ ಅಂದುಕೊಂಡೆ. ಫೋನು ತೆಗೆದು ಯಾರಿಗೋ, "ಒಂದ ಹುಡುಗಿ ಬರ್ತಾಳ. ಇದ್ದದ್ದನ್ನ ಹೇಳಲೇ, ನನ್ನ ಮುಲಾಜ ನೋಡಬ್ಯಾಡ," ಅಂದರು. ಆಮೇಲೆ ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು.

ತಿರುಗುವ ದಾರಿಯಲ್ಲೇ ಆ ವಿಳಾಸಕ್ಕೆ ಹೋದೆವು; ಅವನ ಹೆಸರು ಭರಮು. ರಾಯಬಾಗದಲ್ಲಿ ಹನಿ ನೀರಾವರಿ ಪೈಪಿನ ಅಂಗಡಿಯಲ್ಲಿ ಮ್ಯಾನೇಜರ. "ಬರ್ರಿ, ಕೊನೇದಾಂವ ನಾನ ರೀ," ಅಂತ ನಗುತ್ತಲೇ ಚಹಾ ತರಿಸಿದ. "ಹಾಸ್ಟೆಲ್ ಊಟ ಹೊಲಸ. ಲೈಬ್ರರಿ ಪುಸ್ತಕ ನಮ್ಮಪ್ಪನ ವಯಸ್ಸಿನವು. ಕಂಪನಿಯವರು ಬಂದಾಗ ಇಂಗ್ಲಿಷಿನ್ಯಾಗ ನನ್ನ ಬಾಯಿ ಕಟ್ಟಿತು. ಎಂಟ ತಿಂಗಳ ಮನ್ಯಾಗ ಕುಂತೆ ರೀ."

"ಆಮ್ಯಾಲ ಕಾಲೇಜಿನವರು ಕೊಡಿಸಿದ್ರೇನ ಈ ನೌಕರಿ?"

"ಇಲ್ಲರಿ, ನಾನ ಹುಡಿಕ್ಯಾಡಿದ್ದು. ಆದ್ರ ಆ ಸರ್ ಸೋಮವಾರಕ್ಕೊಮ್ಮೆ ಫೋನ್ ಹಚ್ಚೂದು ಬಿಡಲಿಲ್ಲ. 'ಎದ್ದೀ ಏನ್ಲೇ? ಇವತ್ತ ಎಲ್ಲಿ ಹೊಂಟೀ?' ಅಂತಿದ್ರು. ಅವರಿಗೆ ಸುಳ್ಳ ಹೇಳಾಕ ನಾಚಿಕಿ ಬಂದು ಹೊರಗ ಬೀಳತಿದ್ದೆ."

ತಿರುಗಿ ಬರುವಾಗ ಸಂಜೆ. ಬಸ್ಸು ಕುಡಚಿಯ ಸೇತುವೆ ಹತ್ತಿತು. ಕೃಷ್ಣೆ ಬೇಸಗೆಗೆ ಸಣ್ಣಗಾಗಿ, ಅಲ್ಲಲ್ಲಿ ನಿಂತು ಏನೋ ನೆನಸಿಕೊಳ್ಳುತ್ತಿದ್ದಂಗೆ ಕಾಣುತ್ತಿದ್ದಳು. ಸ್ನೇಹಲ ಕಿಟಕಿಗೆ ಹಣೆ ಹಚ್ಚಿ ಅಂದಳು, "ಸೈನ್ಸಿನ್ಯಾಗ ನಾ ನಪಾಸ ಆದಾಗ ಯಾರೂ ಒಂದ ಫೋನ ಮಾಡ್ಲಿಲ್ಲ ಆಯಿ." ಸೇತುವೆ ಮುಗಿಯುವವರೆಗೂ ನಾನು ಅವಳ ಕೈ ಹಿಡಿದುಕೊಂಡಿದ್ದೆ.

ಬೆಳಗಾವಿಗೆ ಹೂಂ ಅಂತೀನಿ ಎಂದು ಅವಳು ಶೆಡ್ಡಿನಲ್ಲೇ ಅಪ್ಪನಿಗೆ ಹೇಳಿದಳು, ಭರಮು ಅಂದದ್ದನ್ನೂ ಒಂದೂ ಬಿಡದೆ ಹೇಳಿದಳು. ಸಂಗ್ರಾಮ ಕೈ ಚಪ್ಪಳಿಸಿ ನಕ್ಕ. "ನಪಾಸ ಆಗೂದರಾಗಿದ್ದಾವನ್ನ ಕೇಳಿ ಕಾಲೇಜ ಹಿಡದ್ಲಂತ! ಮಂದಿ ಏನಂದಾರು, ದಾದಾ?"

ರಾವಸಾಹೇಬರು ತಮ್ಮನ ಕಡೆ ನೋಡಲಿಲ್ಲ. "ಊಟ ಹೊಲಸ ಅಂದ್ನಂತ?"

"ಹೂಂ ಅಪ್ಪಾ."

"ಗೊತ್ತಿದ್ದೂ ಹೊಂಟೀ?"

"ಗೊತ್ತ ಮಾಡಿಕೊಂಡ ಹೊಂಟೀನಿ."

ನಮ್ಮ ಸಾಲಿನಲ್ಲಿ ಎಲ್ಲರ ಕೈಗಳೂ ನಿಂತಿದ್ದವು. ರಾವಸಾಹೇಬರು ಬೆಳಗಾವಿಯ ಆ ತೆಳ್ಳನೆಯ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿ, ಮಡಚಿ ಮಗಳ ಕೈಗೆ ಕೊಟ್ಟರು.

"ಗಾದಿ ಅಲ್ಲೇ ಕೊಡ್ತಾರೋ, ಇಲ್ಲಿಂದ ಒಯ್ಯಬೇಕೋ?"

"ಕೇಳಿಲ್ಲ ಅಪ್ಪಾ."

"ಕೇಳ. ಅರಳೆ ಹಿಂಜಿಸಿ ಗಾದಿ ಹೊಲಿಸಾಕ ಎಂಟ ದಿನಾ ಬೇಕು."