ಪುಸ್ತಕವಿದೆ, ಹುಡುಕುವ ಕೈಯಿಲ್ಲ

ಹದಿಮೂರು ವರ್ಷಗಳ ಹಿಂದೆ, ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ವಾಚನಾಲಯದಲ್ಲಿ, ಸುಮಾರು ಅರವತ್ತು ಮಂದಿ ಸಂಜೆಯ ಓದುಗರ ಎದುರು, ಅಂದಿನ ಕುಲಸಚಿವರು ಒಂದು ಮಾತು ಕೊಟ್ಟರು. ಸಿಬ್ಬಂದಿ ಸಾಲದೆಂಬ ಕಾರಣಕ್ಕೆ ಸಂಜೆಯ ಪಾಳಿಯನ್ನೇ ನಿಲ್ಲಿಸುವ ಸುತ್ತೋಲೆ ಆಗಷ್ಟೇ ಹೊರಬಿದ್ದಿತ್ತು. ಹಗಲೆಲ್ಲ ದುಡಿದು ಸಂಜೆ ಓದಲು ಬರುವ ನಾವೆಲ್ಲ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆವು. ಕುಲಸಚಿವರು ಗ್ರಂಥಪಾಲಕಿಯವರತ್ತ ಕೈ ತೋರಿಸಿ ಹೇಳಿದರು: "ಸದ್ಯಕ್ಕೆ ಇವರು ಹೇಗಾದ್ರೂ ನಿಭಾಯಿಸ್ಲಿ. ಇವರು ರಿಟೈರ್ ಆಗೋದ್ರೊಳಗೆ ಸಂಜೆ ಪಾಳಿಗೆ ಅಂತಾನೇ ಇಬ್ಬರನ್ನ ಖಾಯಂ ಆಗಿ ಕೊಡ್ತೀವಿ. ರಾತ್ರಿ ಎಂಟರ ತನಕ ಈ ಬಾಗಿಲು ತೆರೆದೇ ಇರುತ್ತೆ. ಇದು ನನ್ನೊಬ್ಬನ ಮಾತಲ್ಲ, ವಿಶ್ವವಿದ್ಯಾಲಯದ ಮಾತು."

ನಾವು ಚಪ್ಪಾಳೆ ತಟ್ಟಿದೆವು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳಿದ್ದುದರಿಂದ ನಾನು ಒಂದೇ ಕೈಯಲ್ಲಿ ಮೇಜು ಬಡಿದೆ.

ಇಂದು ಈ ಅಭಿನಂದನ ಸಂಪುಟದಿಂದ ಗೌರವಕ್ಕೆ ಪಾತ್ರರಾಗಿರುವ ನಮ್ಮ ಪೂಜ್ಯ ಗ್ರಂಥಪಾಲಕಿಯವರು, ಓದುಗರ ಬಾಯಲ್ಲಿ 'ಚೀಟಿ ಮೇಡಂ', ಮೂವತ್ನಾಲ್ಕು ವರ್ಷಗಳ ಸೇವೆಯಲ್ಲಿ ಗ್ರಂಥಾಲಯ ಶಾಸ್ತ್ರದ ಮೇಲೆ ಒಂದೇ ಒಂದು ಪ್ರಬಂಧವನ್ನೂ ಪ್ರಕಟಿಸಿದವರಲ್ಲ. ಆದರೂ ಆ ಶಾಸ್ತ್ರ ಯಾತಕ್ಕಾಗಿ ಹುಟ್ಟಿತೋ ಅದನ್ನು ಅವರಷ್ಟು ನಿಷ್ಠೆಯಿಂದ ನಡೆಸಿಕೊಂಡು ಬಂದವರನ್ನು ನಾನು ಕಂಡಿಲ್ಲ. ಅವರು ಸೇರಿದಾಗ ಗ್ರಂಥಾಲಯದಲ್ಲಿ ಇಪ್ಪತ್ತಾರು ಮಂದಿ ಸಿಬ್ಬಂದಿಯಿದ್ದರು. ಬಿಟ್ಟು ಹೋಗುವಾಗ ಐವರು, ಅವರಲ್ಲಿ ಇಬ್ಬರು ಹನ್ನೊಂದು ತಿಂಗಳಿಗೊಮ್ಮೆ ಕೆಲಸ ಕಳೆದುಕೊಂಡು ಮತ್ತೆ ಪಡೆಯುವ ಗುತ್ತಿಗೆಯವರು. ಆ ಇಬ್ಬರಲ್ಲಿ ನಾನೊಬ್ಬಳು. ಇದೇ ಅವಧಿಯಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಮೂರು ಪಟ್ಟಾಗಿದೆ. ಸಂಪಾದಕರು "ಸಿಹಿ ನೆನಪುಗಳನ್ನಷ್ಟೇ ಬರೆಯಿರಿ" ಎಂದು ತಿಳಿಸಿದ್ದಾರೆ. ಸಿಹಿ ನೆನಪುಗಳೂ ಇವೆ, ಅವುಗಳಿಂದಲೇ ಆರಂಭಿಸುತ್ತೇನೆ.

ಚೀಟಿ ಎಂದರೆ ಏನೆಂದು ಹೊರಗಿನವರಿಗೆ ತಿಳಿಸಬೇಕು. ಕಪಾಟಿನಲ್ಲಿ ಪುಸ್ತಕ ಸಿಗದಿದ್ದರೆ ಓದುಗರು ಒಂದು ಚೀಟಿ ಬರೆದು ಕೌಂಟರಿನ ಪೆಟ್ಟಿಗೆಗೆ ಹಾಕಬೇಕು. ಮರುದಿನ ಬಾಗಿಲು ಮುಚ್ಚುವುದರೊಳಗೆ ಆ ಚೀಟಿಯ ಬೆನ್ನಿಗೆ ಉತ್ತರ ಬರೆದಿರಬೇಕು ಎಂಬುದು ಮೇಡಂ ಅವರು ತಾವೇ ಹಾಕಿಕೊಂಡ ನಿಯಮ. 'ಇಲ್ಲ' ಎಂಬುದನ್ನು ಅವರು ಉತ್ತರವೆಂದು ಒಪ್ಪುತ್ತಿರಲಿಲ್ಲ. ಯಾರೋ ಒಯ್ದಿದ್ದಾರೆ, ರಟ್ಟು ಕಟ್ಟಲು ಹೋಗಿದೆ, ಬೇರೆ ಕಪಾಟಿಗೆ ಸೇರಿಕೊಂಡಿದೆ. ಈ ಮೂರರಲ್ಲಿ ಯಾವುದೆಂದು ಪತ್ತೆಯಾಗುವ ತನಕ ಹುಡುಕಬೇಕು. ಅದಕ್ಕಾಗಿ ಪ್ರತಿದಿನ ಬಾಗಿಲು ತೆರೆಯುವ ಮೊದಲು ಎರಡು ಗಂಟೆ ಕಾಲ ಒಂದೊಂದೇ ಪುಸ್ತಕದ ಬೆನ್ನನ್ನು ಬೆರಳಿನಿಂದ ಮುಟ್ಟುತ್ತ ಕಪಾಟುಗಳನ್ನು ಓದುತ್ತಿದ್ದರು. ತಪ್ಪು ಜಾಗಕ್ಕೆ ಸೇರಿದ ಪುಸ್ತಕವೂ ಕಳೆದುಹೋದ ಪುಸ್ತಕವೂ ಓದುಗನ ಪಾಲಿಗೆ ಒಂದೇ ಎಂದು ನಮಗೆ ಕಲಿಸಿದವರು ಅವರು.

ಎಲ್ಲಿ ಹುಡುಕಬೇಕೆಂಬುದೂ ಅವರಿಗೆ ಗೊತ್ತಿತ್ತು. "ಪರೀಕ್ಷೆ ಹತ್ರ ಬಂತು ನೋಡು, ಅರ್ಥಶಾಸ್ತ್ರ ಎಲ್ಲಾ ಪಶುವೈದ್ಯಕ್ಕೆ ವಲಸೆ ಹೋಗಿರುತ್ತೆ," ಎನ್ನುತ್ತಿದ್ದರು. ಹೋಗಿ ನೋಡಿದರೆ ದನಗಳ ಕಾಲುಬಾಯಿ ರೋಗದ ಹಿಂದೆ ಬ್ಯಾಂಕಿಂಗ್ ಪುಸ್ತಕಗಳು ಅವಿತು ಕೂತಿರುತ್ತಿದ್ದವು. ಬಚ್ಚಿಟ್ಟವನು ಕೌಂಟರಿಗೆ ಬಂದಾಗ ಬೈಯುತ್ತಿರಲಿಲ್ಲ. "ಏನಪ್ಪಾ, ಹಸು ಹುಷಾರಾಗಿದೆಯಾ?" ಎಂದಷ್ಟೇ ಕೇಳುತ್ತಿದ್ದರು.

ನಾನು ಹಗಲು ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ, ಸಂಜೆ ಮಗಳನ್ನು ಕರೆದುಕೊಂಡು ಓದಲು ಬರುತ್ತಿದ್ದೆ. ವಾಚನಾಲಯಕ್ಕೆ ಮಕ್ಕಳನ್ನು ಬಿಡುವಂತಿಲ್ಲವೆಂಬ ಫಲಕವನ್ನು ಮೊದಲ ದಿನವೇ ಕಂಡು ಬಾಗಿಲಲ್ಲಿ ನಿಂತಿದ್ದೆ. ಮೇಡಂ ಫಲಕವನ್ನೊಮ್ಮೆ, ಮಗುವನ್ನೊಮ್ಮೆ ನೋಡಿದರು. "ಇವಳು ವಾಚನಾಲಯಕ್ಕೆ ಬರಲ್ಲ ಬಿಡು, ಕೌಂಟರ್ ಒಳಗಿರ್ತಾಳೆ. ಅಲ್ಲಿ ಅಂಥ ಬೋರ್ಡ್ ಇಲ್ಲ," ಎಂದು ಎರಡು ಕುರ್ಚಿಗಳನ್ನು ಎದುರುಬದುರು ಜೋಡಿಸಿ ಮೇಲೆ ತಮ್ಮ ಸ್ವೆಟರ್ ಹಾಸಿದರು. ನನ್ನ ಪದವಿಯ ಎರಡು ವರ್ಷ ನನ್ನ ಮಗಳು ನಿದ್ದೆ ಮಾಡಿದ್ದು ಆ ಕುರ್ಚಿಗಳ ಮೇಲೆ. ಸಂಜೆ ಏಳು ಇಪ್ಪತ್ತಕ್ಕೆ ಓಡೋಡಿ ಬರುವ ಬಸ್ ಕಂಡಕ್ಟರ್ ಒಬ್ಬರಿದ್ದರು, ಕಾನೂನು ಓದುತ್ತಿದ್ದರು. ಅವರಿಗೆ ಸಿಗುತ್ತಿದ್ದುದು ನಲವತ್ತು ನಿಮಿಷ. ಹುಡುಕಾಟದಲ್ಲಿ ಅದರಲ್ಲಿ ಒಂದು ನಿಮಿಷವೂ ಹಾಳಾಗಬಾರದೆಂದು ಅವರ ಪುಸ್ತಕ, ಹಿಂದಿನ ದಿನ ನಿಲ್ಲಿಸಿದ ಪುಟಕ್ಕೆ ಕಾಗದದ ತುಂಡು ಸಿಕ್ಕಿಸಿಕೊಂಡು, ಕೌಂಟರಿನ ಮೇಲೆ ಕಾದಿರುತ್ತಿತ್ತು. ಇಂದು ಅವರು ವಕೀಲರು.

ಇನ್ನು ಸಿಹಿಯಲ್ಲದ್ದು. ನಾನು ಗುತ್ತಿಗೆಯ ಮೇಲೆ ಸೇರಿದ ಮೂರನೆಯ ವರ್ಷ ವಿಶ್ವವಿದ್ಯಾಲಯವು ಓದುಗರ ತೃಪ್ತಿಯ ಸಮೀಕ್ಷೆ ನಡೆಸಿತು. ಐದಕ್ಕೆ ನಾಲ್ಕೂ ಮುಕ್ಕಾಲು ಅಂಕ ಬಂತು. ನಾವು ಮುಗ್ಧರಂತೆ ಹಿಗ್ಗಿದೆವು. ತಿಂಗಳೊಪ್ಪತ್ತಿನಲ್ಲಿ ಸಿಬ್ಬಂದಿ ಸಮಿತಿಯ ತೀರ್ಮಾನ ಕೈಸೇರಿತು: ಓದುಗರು ಈ ಪರಿ ತೃಪ್ತರಾಗಿರುವಲ್ಲಿ ಹೆಚ್ಚುವರಿ ಸಿಬ್ಬಂದಿಯ ಅಗತ್ಯ ಕಂಡುಬರುವುದಿಲ್ಲವಾದ್ದರಿಂದ ಖಾಲಿಯಿರುವ ಮೂರು ಹುದ್ದೆಗಳನ್ನು ರದ್ದುಪಡಿಸಲಾಗಿದೆ. ಅದರ ಬೆನ್ನಿಗೇ ಮೇಡಂ ಅವರಿಗೆ ಅತ್ಯುತ್ತಮ ಸೇವೆಯ ಹಿತ್ತಾಳೆ ಫಲಕ ಬಂತು. ಒಬ್ಬಾಕೆ ಮೂವರ ಕೆಲಸ ಮಾಡಿದ್ದನ್ನು ಸಾಕ್ಷಿಯಾಗಿಟ್ಟುಕೊಂಡು ಆ ಮೂವರ ಅನ್ನ ಕಿತ್ತುಕೊಂಡವರು, ಅದೇ ಕೈಯಲ್ಲಿ ಆಕೆಯ ಬೆನ್ನು ತಟ್ಟಿದರು. ಭಾರದ ವಸ್ತು ಕಂಡರೆ ಬಿಡದ ಮೇಡಂ, ಆ ಫಲಕವನ್ನು ನಿಘಂಟುಗಳು ವಾಲದಂತೆ ಪಕ್ಕಕ್ಕೆ ಆನಿಸಿಟ್ಟರು.

"ಒಂದು ವಾರ ಸುಮ್ನೆ ಬಿಟ್ಬಿಡಿ ಮೇಡಂ. ಅವರಿಗೂ ಗೊತ್ತಾಗ್ಲಿ," ಎಂದೆ ನಾನು.

"ಅವರಿಗೆ ಗೊತ್ತಾಗೋ ಮುಂಚೆ ಆ ಕಂಡಕ್ಟರಿಗೆ ಗೊತ್ತಾಗುತ್ತಲ್ಲಮ್ಮ," ಎಂದರು.

ಎರಡು ವರ್ಷ ಕಳೆದು, ರಟ್ಟು ಕಟ್ಟುತ್ತ ಕಪಾಟು ನೋಡಿಕೊಳ್ಳುತ್ತಿದ್ದ ನಮ್ಮ 'ಅಂಟು ತಾತ' ನಿವೃತ್ತರಾದರು. ಅವರ ಜಾಗವೂ ತುಂಬಲಿಲ್ಲ. ಅಂದು ಮೇಡಂ ಅವರ ತಾಳ್ಮೆಯ ಕಟ್ಟೆಯೊಡೆಯಿತು. ಸ್ವಂತ ಖರ್ಚಿನಲ್ಲಿ ಒಂದು ರಬ್ಬರ್ ಮೊಹರು ಮಾಡಿಸಿ ತಂದರು: 'ಪುಸ್ತಕವಿದೆ. ಹುಡುಕುವ ಕೈಯಿಲ್ಲ.' ಸೋಮವಾರದಿಂದ ಶುಕ್ರವಾರದವರೆಗೆ ಇನ್ನೂರ ಹದಿಮೂರು ಚೀಟಿಗಳ ಬೆನ್ನಿಗೆ ಆ ಮೊಹರು ಬಿತ್ತು. ಸಂಸ್ಥೆಯ ಘನತೆಗೆ ಕುಂದು ತಂದುದಕ್ಕಾಗಿ ವಿವರಣೆ ಕೇಳಿ ಗುರುವಾರವೇ ಪತ್ರ ಬಂದಿತ್ತು. ಹುದ್ದೆಯ ಕೋರಿಕೆಗೆ ಎಂಟು ವರ್ಷ ಉತ್ತರಿಸದ ಕಚೇರಿ ಈ ಪತ್ರಕ್ಕೆ ತೆಗೆದುಕೊಂಡದ್ದು ಮೂರೇ ದಿನ. ಮೇಡಂ ಒಂದು ಸಾಲು ಬರೆದರು: 'ಮೊಹರಿನಲ್ಲಿರುವುದು ಸುಳ್ಳಾಗಿದ್ದರೆ ತಿಳಿಸಿ, ತಿದ್ದಿಕೊಳ್ಳುತ್ತೇನೆ.' ಶುಕ್ರವಾರ ಸಂಜೆ ಕಚೇರಿಯ ಗುಮಾಸ್ತರು ಮೊಹರು ವಶಪಡಿಸಿಕೊಳ್ಳಲು ಬಂದರು, ಪಾಪ, ತಲೆ ತಗ್ಗಿಸಿಕೊಂಡು.

"ತಗೊಳ್ಳಿ, ನಿಮ್ಮದೇನು ತಪ್ಪಿದೆ," ಎಂದರು ಮೇಡಂ. "ಇಂಕ್ ಪ್ಯಾಡೂ ತಗೊಂಡ್ಹೋಗಿ. ಒಣಗಿದೆ, ಅದಕ್ಕೆ ಶಾಯಿ ಹಾಕೋಕೂ ಇಲ್ಲಿ ಜನ ಇಲ್ಲ."

ಮೊಹರಿನ ಗದ್ದಲದಿಂದಾಗಿ ಸೋಮವಾರ ಅದೇ ಸಮಿತಿ ಖುದ್ದಾಗಿ ಬಂದು ಪರಿಶೀಲಿಸುವುದಿತ್ತು. ಆ ಚೀಟಿಗಳ ರಾಶಿಯನ್ನು ಅವರ ಮುಂದೆ ಸುರಿಯಬೇಕಿತ್ತು, ಅಷ್ಟೇ ಕೆಲಸ. ಆದರೆ ಶನಿವಾರ ಬೆಳಿಗ್ಗೆ ಮೇಡಂ ನನಗೆ ಫೋನ್ ಮಾಡಿದರು. "ಇನ್ನೂರ ಹದಿಮೂರು ಜನ ಕಣೇ. ನನಗೆ ಊಟ ಸೇರ್ತಿಲ್ಲ. ಬರ್ತೀಯಾ?" ಹೋದೆ. ರಜೆಯ ಎರಡು ದಿನ ಇಬ್ಬರೂ ಏಣಿ ಹತ್ತಿ ಇಳಿದು ನೂರ ತೊಂಬತ್ತೆಂಟು ಪುಸ್ತಕಗಳನ್ನು ಪತ್ತೆ ಮಾಡಿದೆವು. ಸೋಮವಾರ ಸಮಿತಿಯವರು ಬಂದಾಗ ಓದುಗರು ಕೌಂಟರಿನಲ್ಲಿ ತಮ್ಮ ಪುಸ್ತಕ ಪಡೆದು ಧನ್ಯವಾದ ಹೇಳುತ್ತಿದ್ದರು. ಸಮಿತಿಯ ಅಧ್ಯಕ್ಷರು ನಕ್ಕು, "ಎಲ್ಲಾ ಸರಿಯಾಗೇ ನಡೀತಿದೆಯಲ್ಲ ಮೇಡಂ," ಎಂದು ಹೊರಟುಹೋದರು. ಇದು ಮೇಡಂ ಮಾಡಿದ ತಪ್ಪು. ಅಭಿನಂದನ ಸಂಪುಟದಲ್ಲಿ ಇದನ್ನು ಬರೆಯಬಾರದಿತ್ತೇನೋ. ಆದರೆ ಕೆಲಸವನ್ನು ಪ್ರೀತಿಸುವವರು ಮಾತ್ರ ಮಾಡಬಲ್ಲ ತಪ್ಪು ಇದು, ಮತ್ತು ಆಡಳಿತ ಬದುಕುತ್ತಿರುವುದೇ ಇಂಥ ತಪ್ಪುಗಳ ಮೇಲೆ.

ಈ ಸಂಪುಟದ ಕರಡು ತಿದ್ದಿದವಳು ನಾನೇ ಆದ್ದರಿಂದ ಮಾನ್ಯ ಕುಲಪತಿಗಳ ಮುನ್ನುಡಿಯನ್ನು ನಾಲ್ಕು ಸಲ ಓದಿದ್ದೇನೆ. ಮೇಡಂ ಅವರು 'ಏಕಾಂಗಿಯಾಗಿ' ಸಂಜೆಯ ಪಾಳಿಯನ್ನು ಮುನ್ನಡೆಸಿದರೆಂದು ಅಲ್ಲಿ ಮೂರು ಕಡೆ ಹೊಗಳಿಕೆಯಿದೆ. ಆ ಪದದಲ್ಲಿ ಅಕ್ಷರದೋಷವೇನೂ ಇಲ್ಲದ್ದರಿಂದ ಹಾಗೆಯೇ ಬಿಟ್ಟೆ. ಆದರೆ ಕೇಳಲೇಬೇಕಾಗಿದೆ: ಅವರನ್ನು ಏಕಾಂಗಿಯಾಗಿಸಿದವರು ಯಾರು? ಸಹಿ ಮಾಡಿದ ಪೆನ್ನು ಯಾರ ಜೇಬಿನಲ್ಲಿತ್ತು?

ನಿವೃತ್ತಿಗೆ ಹದಿನೈದು ದಿನ ಉಳಿದಿರುವಾಗ ಮೇಡಂ ಅವರಿಗೆ ಮತ್ತೊಂದು ಪತ್ರ ಬಂತು. ಪ್ರತಿದಿನ ಸಂಜೆ ಐದೂವರೆಯಿಂದ ಎಂಟರವರೆಗೆ, ಸಂಬಳವಿಲ್ಲದ 'ಗೌರವ ಸಲಹೆಗಾರ್ತಿ'ಯಾಗಿ ಸೇವೆ ಮುಂದುವರಿಸಬೇಕೆಂದು ಅದರಲ್ಲಿ ವಿನಂತಿಯಿತ್ತು. ಇಬ್ಬರನ್ನು ಕೊಡುತ್ತೇವೆಂದವರು ಇದ್ದ ಒಬ್ಬರನ್ನೂ ಪುಕ್ಕಟೆಯಾಗಿ ಕೇಳುತ್ತಿದ್ದರು. ಒಪ್ಪದಿದ್ದರೆ ಬಾಗಿಲು ಮುಚ್ಚುತ್ತದೆಂದು ಎಲ್ಲರಿಗೂ ಗೊತ್ತಿತ್ತು. ವಕೀಲರಾಗಿರುವ ಆ ಕಂಡಕ್ಟರ್ ಬಂದು, "ಒಪ್ಕೊಂಡ್ಬಿಡಿ ಮೇಡಂ, ನನ್ನಂಥೋರು ಇನ್ನೂ ಬರ್ತಿದಾರೆ," ಎಂದು ಅಂಗಲಾಚಿದರು. ನಾಚಿಕೆ ಬಿಟ್ಟು ನಾನೂ ಕೇಳಿದೆ.

ಮೇಡಂ ಪೆಟ್ಟಿಗೆಯ ಚೀಟಿಗಳನ್ನೆಲ್ಲ ಜೋಡಿಸಿಟ್ಟರು. ಆಮೇಲೆ ಹೇಳಿದರು: "ನಾನು ಹೂಂ ಅಂದ್ರೆ ನಾಳೇನೂ ದೀಪ ಉರಿಯುತ್ತೆ, ನಿಜ. ನನ್ನ ಮಂಡಿ ಕೈಕೊಟ್ಟ ದಿನ? ನಾನು ಇಲ್ಲಿ ಕೂತಿರೋ ತನಕ ಆ ಇಬ್ಬರು ಬರಲ್ಲ ವಕೀಲ್ರೇ. ಆ ಶನಿವಾರ ಭಾನುವಾರ ಒಂದು ತಪ್ಪು ಮಾಡಿದೆ. ಅದನ್ನೇ ಇನ್ನೊಂದು ಸಲ ಮಾಡಲ್ಲ." ಪತ್ರದ ಬೆನ್ನಿಗೆ, ಚೀಟಿಗೆ ಬರೆಯುವಂತೆಯೇ, ಉತ್ತರ ಬರೆದರು: 'ಕೆಲಸವಿದೆ. ಹುದ್ದೆ ಕೊಡಿ.'

ಇಂಥ ಲೇಖನಗಳ ಕೊನೆಯಲ್ಲಿ ಹಿರಿಯರ ಸೇವೆ ಇನ್ನೂ ಬಹುಕಾಲ ಮುಂದುವರಿಯಲೆಂದು ಹಾರೈಸುವುದು ವಾಡಿಕೆ. ನಾನು ಆ ಹಾರೈಕೆ ಮಾಡಲಾರೆ. ಅವರ ಸೇವೆ ಸಾಕಷ್ಟಾಗಿದೆ, ಆಗಬೇಕಾದ್ದಕ್ಕಿಂತ ಬಹಳ ಹೆಚ್ಚಾಗಿದೆ. ಅವರು ನೂರು ವರ್ಷ ಬಾಳಲಿ. ಮಂಡಿನೋವು ಮಾಯವಾಗಲಿ. ಒಂದು ದಿನ ಕಿಟಕಿ ಪಕ್ಕದ ಮೇಜಿನಲ್ಲಿ ಬರಿಯ ಓದುಗರಾಗಿ ಕೂತು, ತಮಗೆ ಬೇಕಾದ ಪುಸ್ತಕಕ್ಕೆ ತಾವೇ ಒಂದು ಚೀಟಿ ಬರೆದು ಪೆಟ್ಟಿಗೆಗೆ ಹಾಕಲಿ. ಅವರಿಗಿಂತ ಮೂವತ್ತು ವರ್ಷ ಚಿಕ್ಕವರೊಬ್ಬರು, ಖಾಯಂ ಹುದ್ದೆಯವರು, ಮರುದಿನ ಅದಕ್ಕೆ ಉತ್ತರ ತರಲಿ.

ಕುಲಸಚಿವರು ಹೇಳಿದ ಆ ಇಬ್ಬರು ಬರಲಿಲ್ಲ. ಈ ತಿಂಗಳ ಒಂದನೆಯ ತಾರೀಖಿನಿಂದ ಗ್ರಂಥಾಲಯದ ಬಾಗಿಲು ಸಂಜೆ ಐದೂವರೆಗೆ ಮುಚ್ಚುತ್ತಿದೆ.