ಊಟೆಯ ನೀರು ತುಂಬಿದ ಬಾಟಲಿ

ಅಂಚೆಟ್ಟಿ ಕಡೆಯ ಗುಡ್ಡದೂರಿನ ಅಂಗನವಾಡಿಯಲ್ಲಿ ಅಡುಗೆ ಮಾಡುವ ಮುನಿಗಂಗಮ್ಮನಿಗೆ ಒಂದು ಹುಚ್ಚು ಅಭಿಮಾನ. ಹೊರಗಿನಿಂದ ಬಂದವರ ಬಾಯಿಗೆ ತಮ್ಮೂರ ಬೋರಿನ ನೀರು ಬೀಳಬಾರದು. ಪಾತ್ರೆಗೆ ಬಿಳಿ ಕರೆ ಕಟ್ಟಿಸುವ, ಮಕ್ಕಳ ಹಲ್ಲನ್ನು ಕಂದಾಗಿಸುವ ನೀರು ಅದು. ಊರವರಿಗೆ ದಿನವೂ ಅದೇ ಗತಿ. ನೆಂಟರು ಬಂದರೆ ಮಾತ್ರ ಯಾರಾದರೂ ಗುಡ್ಡ ಇಳಿದು, ಬಂಡೆ ಸಂದಿನಲ್ಲಿ ಜಿನುಗುವ ಊಟೆಯಿಂದ ಒಂದು ಬಿಂದಿಗೆ ಸಿಹಿನೀರು ತರುತ್ತಾರೆ.

ಹೋದ ವರ್ಷ ವಿಶ್ವವಿದ್ಯಾಲಯದಿಂದ ಶರ್ಮಿಳಾ ಬಂದಳು. ಬಾಗಲೂರಿನ ಹುಡುಗಿ, ಮಾತು ನಮ್ಮ ಕನ್ನಡವೇ. ಓದಿದವರೂ ಊರವರೂ ಕೂಡಿ ಜನರ ಆರೋಗ್ಯ ನೋಡಿಕೊಳ್ಳಲಿ ಎಂದು ಅವರ ವಿಶ್ವವಿದ್ಯಾಲಯಕ್ಕೆ ಅನುದಾನ ಸಿಕ್ಕಿತ್ತು. ನೀರು ಕೆಟ್ಟಿರುವುದು ಪರೀಕ್ಷೆಯಲ್ಲಿ ಗೊತ್ತಾದರೆ, ಊರಿಗೆ ನೀರು ಶುದ್ಧ ಮಾಡುವ ಯಂತ್ರ. ಆದರೆ ಪರೀಕ್ಷೆಯ ನೀರನ್ನು ಊರವರೇ ಹಿಡಿದುಕೊಡಬೇಕು. ಊರಿನ ಕೈಯೂ ಸೇರಲಿ ಎಂಬ ಆಸೆ ಅವರದು.

"ಅಕ್ಕಾ, ನೀವು ದಿನಾ ಕುಡಿಯೋ ನೀರೇ ಹಿಡಿದಿಡಿ. ನಾಳೆ ಬಸ್ಸಿಗೆ ಬತ್ತೀನಿ," ಎಂದು ಬಾಟಲಿ ಕೊಟ್ಟು ಹೋದಳು.

ಮುನಿಗಂಗಮ್ಮನಿಗೆ ಅದು ಸರಿಯಾಗಿಯೇ ಕೇಳಿಸಿತ್ತು. ಆದರೆ ಅಷ್ಟು ಓದಿದವರ ಮುಂದೆ ಆ ಕರೆನೀರು ಇಡುವುದೇ? ಬೆಳಿಗ್ಗೆ ಊಟೆಗೆ ಹೋಗಿ, ಬಾಟಲಿ ತೊಳೆದು ತುಂಬಿಸಿ, ಸೆರಗಿನಿಂದ ಒರೆಸಿ ಕೊಟ್ಟಳು. ಹೆಡ್ಡಿ! ಪರೀಕ್ಷೆಗೂ ನೆಂಟರುಪಚಾರ ಮಾಡಿದ ಹೆಂಗಸು ಈ ಸೀಮೆಯಲ್ಲಿ ಇನ್ನೊಬ್ಬಳಿರಲಾರಳು.

ನೀರು ಚೊಕ್ಕವಾಗಿದೆ ಎಂದು ವರದಿ ಬಂತು. ಯಂತ್ರ ಬೇರೆ ಊರಿಗೆ ಹೋಯಿತು. ಯಂತ್ರವಿಲ್ಲದೆ ಇಷ್ಟು ದಿನ ಬದುಕಿಲ್ಲವೇ ಎಂದು ಅವಳು ಸುಮ್ಮನಾದಳು.

ಪಕ್ಕದ ಮನೆಯ ಕದಿರಮ್ಮ ಮಾತ್ರ ತನ್ನ ಪುಟ್ಟ ಮೊಮ್ಮಗಳು ಸುಷ್ಮಾಳಿಗೆಂದು ದಿನವೂ ಊಟೆಯ ನೀರೇ ಹೊರುತ್ತಿದ್ದಳು. ಒಂದು ದಿನ ನೋಡಿದರೆ ಆಕೆಯೂ ಬೋರಿನ ನಲ್ಲಿಯ ಮುಂದೆ.

"ಅಷ್ಟು ಓದ್ದೋರೇ ಒಳ್ಳೇ ನೀರು ಅಂದವ್ರೆ. ನನ್ನ ಮಂಡಿ ಉಳೀತು ಕಣಮ್ಮಿ, ನಿನ್ನಿಂದ!"

ಆ ಮಗು ಲೋಟ ಎತ್ತಿದಾಗಲೆಲ್ಲ ತಾನೇ ವಿಷ ಹಾಕುತ್ತಿದ್ದೇನೆ ಅನ್ನಿಸಿ ಮುನಿಗಂಗಮ್ಮನಿಗೆ ಅನ್ನ ಸೇರದಾಯಿತು. ಕೊನೆಗೆ ಶರ್ಮಿಳಾಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಯಂತ್ರ ಆಗ್ಲೇ ಕೂರಿಸ್ಬುಟ್ರು ಅಕ್ಕಾ. ಮತ್ತೆ ಅರ್ಜಿ ಹಾಕ್ತೀವಿ, ಅನುದಾನ ಸಿಕ್ತದೋ ಇಲ್ವೋ. ಮೊದ್ಲು ಊರೋರಿಗೆ ಹೇಳಿ."

ಅವಳು ನೇರ ಕದಿರಮ್ಮನ ಬಾಗಿಲಿಗೆ ಹೋಗಿ ಹೇಳಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಕದಿರಮ್ಮ ಬೈಯಲಿಲ್ಲ. ಮಗುವಿನ ಲೋಟದ ನೀರು ಚೆಲ್ಲಿ, ಬಿಂದಿಗೆ ಎತ್ತಿಕೊಂಡು ಕುಂಟುತ್ತಾ ಗುಡ್ಡ ಇಳಿಯತೊಡಗಿದಳು.

"ಕೊಡಕ್ಕಾ, ಇನ್ಮೇಲೆ ದಿನಾ ನಾನೇ ತಂದ್ಕೊಡ್ತೀನಿ," ಎಂದು ಮುನಿಗಂಗಮ್ಮ ಹಿಂದೆ ಓಡಿ ಬಿಂದಿಗೆಗೆ ಕೈ ಹಾಕಿದಳು.

ಕದಿರಮ್ಮ ಬಿಂದಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು.

"ಬ್ಯಾಡ ಕಣಮ್ಮಿ. ನೀನು ಎಲ್ಲಿ ತುಂಬಿಸ್ದೆ ಅಂತ ನಂಗೆಂಗೆ ಗೊತ್ತಾಗ್ಬೇಕು?"